ಗಂಡ 'ತಲೆ' ಅಂದರೆ ಕೊನೆಯ ಮಾತೂ ಅವನದೇನಾ?

ಡೊಂಬಿವಲಿ ಉಡುಪಿಯವಳು

ಎಲ್ಲರಿಗೂ ವಂದನೆ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಉಡುಪಿ ಕಡೆಯವಳು. ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆಯವರು. ನಮ್ಮ ಮನೆಯವರು ಹುಬ್ಬಳ್ಳಿಯವರು. ಮದುವೆಯಾಗಿ ನಾಲ್ಕು ವರ್ಷ, ಡೊಂಬಿವಲಿಯಲ್ಲಿ ಮನೆ. ಇಲ್ಲಿ ಒಂದು ಸಣ್ಣ ಕನ್ನಡ ಸಭೆಗೆ ಹೋಗುತ್ತೇವೆ. ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ನಡೆಸುತ್ತಾರೆ, ಭಾನುವಾರ ಮೂವತ್ತು ನಲವತ್ತು ಜನ ಸೇರುತ್ತಾರೆ. ಬುಧವಾರದ ಬೈಬಲ್ ಸ್ಟಡಿಯನ್ನು ಮೂರು ವರ್ಷದಿಂದ ನಾನೇ ನಡೆಸುತ್ತಿದ್ದೆ. ಯಾರೂ ನೇಮಿಸಿದ್ದಲ್ಲ. ಮೊದಲು ನಡೆಸುತ್ತಿದ್ದ ಅಂಕಲ್ ರಿಟೈರ್ ಆಗಿ ಊರಿಗೆ ಹೋದರು, ಪುಸ್ತಕ ನನ್ನ ಕೈಗೆ ಬಂತು, ಅಷ್ಟೇ.

ಜೂನ್‌ನಲ್ಲಿ ಹೊಸ ಪಾಸ್ಟರ್ ಬಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಅತ್ತೆಗೆ ಆಪರೇಷನ್ ಆದಾಗ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಿ ಹೋದವರು. ಆದರೆ ಬಂದ ಎರಡನೇ ತಿಂಗಳಿಗೇ ನನ್ನ ಸ್ಟಡಿ ನಿಲ್ಲಿಸಿದರು. ಗಂಡಸರು ಕೂತಿರುವ ಕಡೆ ಹೆಂಗಸು ಉಪದೇಶ ಮಾಡಬಾರದು, 1 ತಿಮೊಥೆಯ 2:12 ಓದಿ ಅಂದರು. ಬೇಕಿದ್ದರೆ ಮಹಿಳೆಯರ ಕೂಟ ಮತ್ತು ಸಂಡೇ ಸ್ಕೂಲ್ ನೋಡಿಕೊಳ್ಳಿ ಅಂತ. ಬುಧವಾರ ಬರುವ ಗಂಡಸರು ಐದೇ ಜನ. ಅದರಲ್ಲಿ ಇಬ್ಬರು ನಿದ್ದೆ ಮಾಡುತ್ತಾರೆ.

ಅದನ್ನು ಹೇಗೋ ನುಂಗಿಕೊಂಡೆ. ಈಗ ಎರಡನೆಯದು. ಆಫೀಸಿನಲ್ಲಿ ನನಗೆ ಪ್ರಮೋಷನ್ ಕೊಟ್ಟು ಪುಣೆಗೆ ಹಾಕುತ್ತೇವೆ ಅಂದಿದ್ದಾರೆ. ಇವರು ಮೊದಲು ಖುಷಿಯಿಂದಲೇ ಹೂಂ ಅಂದಿದ್ದರು. ಹೋದ ಭಾನುವಾರ ಎಫೆಸ 5ರ ಮೇಲೆ, ಅಂದರೆ ಅಪೊಸ್ತಲ ಪೌಲ ಎಫೆಸದ ಸಭೆಗೆ ಬರೆದ ಪತ್ರದ ಐದನೇ ಅಧ್ಯಾಯದ ಮೇಲೆ ಪ್ರಸಂಗ ಆಯಿತು, ಗಂಡನು ಹೆಂಡತಿಗೆ ತಲೆ, ಮನೆಯಲ್ಲಿ ಕೊನೆಯ ನಿರ್ಧಾರ ತಲೆಯದೇ, ಇಲ್ಲದಿದ್ದರೆ ಎರಡು ತಲೆಯ ಹಾವಿನ ಹಾಗೆ ಆಗುತ್ತದೆ ಅಂತೆಲ್ಲ. ಇವರು ಮನೆಗೆ ಬಂದು ಶರ್ಟ್ ಕೂಡ ಬದಲಿಸದೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, "ಪುಣೆ ವಿಷಯ ನಾನೇ ನಿರ್ಧಾರ ಮಾಡಬೇಕಂತೆ" ಅಂದರು. ಐದು ನಿಮಿಷ ಬಿಟ್ಟು, "ಏನಂತ ನಿರ್ಧಾರ ಮಾಡಲಿ, ನೀನೇ ಹೇಳು" ಅಂದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಾನು ವಾಕ್ಯವನ್ನು ಪಕ್ಕಕ್ಕಿಟ್ಟು ಬದುಕುವವಳಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಅಲ್ಲಿ ನಿಜವಾಗಿ ಏನಿದೆ? "ಕಾಲ ಬದಲಾಗಿದೆ ಸಿಸ್ಟರ್, ಬಿಟ್ಟುಬಿಡಿ" ಅನ್ನುವ ಉತ್ತರ ದಯವಿಟ್ಟು ಬೇಡ.

ಪಿಂಪ್ರಿ ಬ್ರದರ್

ಸಿಸ್ಟರ್, ನಿಮ್ಮ ಪಾಸ್ಟರ್ ಪರವಾಗಿ ಇಲ್ಲಿ ಯಾರೂ ಮಾತಾಡಲಿಕ್ಕಿಲ್ಲ ಅಂತ ನಾನು ಮಾತಾಡುತ್ತೇನೆ. ಬೈಯಬೇಡಿ.

ಗಂಡು ಹೆಣ್ಣು ಇಬ್ಬರೂ ದೇವರ ಸ್ವರೂಪದಲ್ಲೇ ಆದವರು, ಆದಿಕಾಂಡ 1:27. ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಆದರೆ ಬೆಲೆ ಸಮ ಇದ್ದರೆ ಕೆಲಸವೂ ಒಂದೇ ಆಗಿರಬೇಕು ಅಂತೇನಿಲ್ಲ. ಪೌಲನು ತಿಮೊಥೆಯನಿಗೆ ಬರೆಯುವಾಗ ಊರಿನ ಪದ್ಧತಿಯನ್ನು ಕಾರಣ ಕೊಡುವುದಿಲ್ಲ, ಆದಾಮನು ಮೊದಲು, ಆಮೇಲೆ ಹವ್ವ ಅನ್ನುತ್ತಾನೆ. ಅಂದರೆ ಸೃಷ್ಟಿಯಿಂದಲೇ ಬಂದ ಕ್ರಮ. ಮುಂದಿನ ಅಧ್ಯಾಯದಲ್ಲಿ ಸಭಾಧ್ಯಕ್ಷನು ಒಬ್ಬಳೇ ಹೆಂಡತಿಯ ಗಂಡನಾಗಿರಬೇಕು, ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕು ಅಂತ ಇದೆ. ಯೇಸು ಆರಿಸಿಕೊಂಡ ಹನ್ನೆರಡು ಮಂದಿಯೂ ಗಂಡಸರೇ. ಯೇಸು ಜನ ಏನಂದುಕೊಳ್ಳುತ್ತಾರೋ ಅಂತ ಹೆದರುವವನಾಗಿರಲಿಲ್ಲ, ಬೇಕಿದ್ದರೆ ಒಬ್ಬ ಹೆಂಗಸನ್ನು ಸೇರಿಸಿಕೊಳ್ಳಬಹುದಿತ್ತು.

ಇನ್ನು ಗಂಡ ತಲೆ ಅಂದರೆ ದರ್ಬಾರು ಅಂತ ಅಲ್ಲ. ದೇವರ ಮುಂದೆ ಲೆಕ್ಕ ಒಪ್ಪಿಸುವವನು ಅಂತ. ನನ್ನ ಮನೆಯಲ್ಲಿ ನಾನು ಹನ್ನೆರಡು ವರ್ಷದಲ್ಲಿ "ಕೊನೆಯ ಮಾತು ನನ್ನದು" ಅಂತ ಒಂದೇ ಸಲ ಹೇಳಿದ್ದು, ಅದೂ ಗಾಡಿ ತೆಗೆದುಕೊಳ್ಳುವಾಗ. ಆ ಗಾಡಿ ತಪ್ಪಾಯಿತು, ಅದು ಬೇರೆ ಮಾತು.

ಮಡಗಾಂವ್ ಕಾರವಾರಿ

ನಾನು ಕ್ಯಾಥೋಲಿಕ್, ಕಾರವಾರದವಳು, ಮನೆಯಲ್ಲಿ ಕೊಂಕಣಿ, ಶಾಲೆ ಕನ್ನಡ, ಮದುವೆಯಾಗಿ ಮಡಗಾಂವ್. ನಮ್ಮಲ್ಲಿ ಪೂಜಾಪೀಠದ ವಿಷಯ ಹೇಗೂ ಮುಗಿದ ಮಾತು. 1994ರಲ್ಲಿ ಪೋಪ್ ಎರಡನೇ ಜಾನ್ ಪೌಲ್, ಹೆಂಗಸರಿಗೆ ಯಾಜಕ ದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ ಅಂತ ಬರೆದುಬಿಟ್ಟರು. ಆದರೆ ತಮಾಷೆ ನೋಡಿ. ಅದೇ ಪೋಪ್ 1988ರಲ್ಲಿ ಬರೆದ ಪತ್ರದಲ್ಲಿ, ಎಫೆಸ 5ರ ಅಧೀನತೆ ಹೆಂಡತಿಯದು ಮಾತ್ರ ಅಲ್ಲ, ಕ್ರಿಸ್ತನ ಭಯದಲ್ಲಿ ಇಬ್ಬರದೂ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಗುಡಿಯ ಕೆಲಸಕ್ಕೆ ಒಂದು ಉತ್ತರ, ಮದುವೆಗೆ ಇನ್ನೊಂದು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕಾಗಿಲ್ಲ ಅಂತ ನನಗೆ ಅನಿಸಿದ್ದು ಅದನ್ನು ಓದಿದ ಮೇಲೆ.

ಭಾನುವಾರದ ನಮ್ಮ ವಾಚನಗಳಲ್ಲಿ ಈ ಎಫೆಸದ ಭಾಗ ಬಂದಾಗ ಚಿಕ್ಕ ಪಾಠ ಅಂತ ಒಂದು ಇರುತ್ತದೆ, ಅದರಲ್ಲಿ ಹೆಂಡತಿಯರ ವಚನಗಳನ್ನೇ ಬಿಟ್ಟು ಗಂಡಂದಿರಿಂದ ಶುರು ಮಾಡಬಹುದು. ನನಗೆ ಅದು ಇಷ್ಟ ಇಲ್ಲ. ನುಂಗಲಾರದ್ದನ್ನು ತಟ್ಟೆಯ ಬದಿಗೆ ಸರಿಸಿದ ಹಾಗೆ. ಪೂರ್ತಿ ಓದಿ, ಎದುರಿಗೇ ವಿವರಿಸಲಿ.

ಬದಲಾವಣೆ ಆಗಿಲ್ಲ ಅಂತಲೂ ಅಲ್ಲ. 2016ರಲ್ಲಿ ಮಗ್ದಲದ ಮರಿಯಳ ದಿನವನ್ನು, ಅಂದರೆ ಜುಲೈ 22ನ್ನು, ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದರು. 2021ರಲ್ಲಿ ವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವೆಯನ್ನು ಹೆಂಗಸರಿಗೂ ತೆರೆದರು. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ನಾವು ವಾಚನ ಓದುತ್ತಲೇ ಇದ್ದೆವು ಅನ್ನಿ. 2025ರ ಜನವರಿಯಲ್ಲಿ ವ್ಯಾಟಿಕನ್‌ನ ಒಂದು ದೊಡ್ಡ ಇಲಾಖೆಗೆ ಮೊದಲ ಸಲ ಒಬ್ಬ ಸಿಸ್ಟರ್ ಮುಖ್ಯಸ್ಥೆ ಆದರು, ಸಿಮೋನಾ ಬ್ರಾಂಬಿಲ್ಲಾ ಅಂತ.

ಇನ್ನೊಂದು. ಗೋವಾದಲ್ಲಿ ಪೋರ್ಚುಗೀಸರ ಕಾಲದ ಕಾನೂನಿನಿಂದಾಗಿ, ಬೇರೆ ಕರಾರು ಬರೆದುಕೊಳ್ಳದಿದ್ದರೆ ಮದುವೆಯಾದವರ ಆಸ್ತಿ ಅರ್ಧ ಅರ್ಧ. ನಮ್ಮ ಮಾವ ಮನೆ ವಿಷಯದಲ್ಲಿ ಎಷ್ಟೇ ಜೋರು ಮಾಡಿದರೂ ಕಾಗದಕ್ಕೆ ಅತ್ತೆಯ ಸಹಿ ಬೇಕು. ಆ ಸಹಿ ಮಾಡುವ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟುಕೊಂಡು, ನಿಧಾನಕ್ಕೆ, ಕನ್ನಡಕ ಹುಡುಕಿಕೊಂಡು ಬರುತ್ತಾರೆ.

ಹಳೇ ಟೀಚರ್, ಪುಣೆ

ಮಗಳೇ, ನಾನು ಮಂಗಳೂರಿನ ಬಲ್ಮಠದಲ್ಲಿ ಥಿಯಾಲಜಿ ಓದಿದವಳು, ಆಮೇಲೆ ಪುಣೆಯಲ್ಲೇ ಇಪ್ಪತ್ತೆಂಟು ವರ್ಷ ಟೀಚರ್ ಕೆಲಸ. ಸ್ವಲ್ಪ ಪಾಠದ ಹಾಗೆ ಆಗುತ್ತದೆ, ಅಭ್ಯಾಸ ಬಿಡುವುದಿಲ್ಲ.

ಮೊದಲು ನಿನ್ನ ಎಫೆಸ. ಪ್ರಸಂಗ ಯಾವ ವಚನದಿಂದ ಶುರುವಾಯಿತು ಹೇಳು. 22ರಿಂದ ಅಲ್ವಾ? ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ನಮಗೆ ಸಿಕ್ಕಿರುವ ತೀರಾ ಹಳೆಯ ಗ್ರೀಕ್ ಪ್ರತಿಗಳಲ್ಲಿ, ಸುಮಾರು ಕ್ರಿ.ಶ. 200ರ ಪಪೈರಸ್‌ನಲ್ಲಿ ಮತ್ತು 4ನೇ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ, 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ. "ಹೆಂಡತಿಯರೇ, ನಿಮ್ಮ ಗಂಡಂದಿರಿಗೆ, ಕರ್ತನಿಗೆ ಹೇಗೋ ಹಾಗೆ" ಅಂತ ಮಾತ್ರ ಇದೆ. ಏನು ಮಾಡಬೇಕು ಅನ್ನುವುದು ಎಲ್ಲಿದೆ? 21ರಲ್ಲಿ. ಅಲ್ಲಿ ಇರುವುದು ಒಬ್ಬರಿಗೊಬ್ಬರು ಅಧೀನರಾಗಿ ಅಂತ. ಅಂದರೆ 22 ತನ್ನ ಕಾಲ ಮೇಲೆ ನಿಲ್ಲುವ ವಾಕ್ಯವೇ ಅಲ್ಲ, 21ರ ಹೆಗಲ ಮೇಲೆ ಕೂತಿದೆ. ಅಲ್ಲಿ ಹೊಸ ತಲೆಬರಹ ಹಾಕಿ ಎರಡನ್ನೂ ಬೇರೆ ಮಾಡಿದ್ದು ಛಾಪಿಸಿದವರ ಕೆಲಸ.

ತಲೆ ಅನ್ನುವ ಪದ. ಗ್ರೀಕ್‌ನಲ್ಲಿ ಕೆಫಾಲೆ. ಅದಕ್ಕೆ ಅಧಿಕಾರ ಅಂತ ಅರ್ಥವೋ, ಮೂಲ ಅಂತ ಅರ್ಥವೋ ಅಂತ ವಿದ್ವಾಂಸರು ಎಷ್ಟೋ ವರ್ಷದಿಂದ ಜಗಳ ಆಡುತ್ತಿದ್ದಾರೆ, ಇನ್ನೂ ಮುಗಿದಿಲ್ಲ. ನಮಗೆ ಕನ್ನಡದಲ್ಲಿ ತಲೆ ಅಂದಕೂಡಲೆ ಯಜಮಾನ ಕಾಣುತ್ತಾನೆ. ಆದರೆ ಅದೇ ಬಾಯಲ್ಲಿ ನಾವು ತಲಕಾವೇರಿ ಅನ್ನುತ್ತೇವೆ. ಅದು ಹೊಳೆ ಹುಟ್ಟುವ ಜಾಗ, ಹೊಳೆಗೆ ಆರ್ಡರ್ ಹಾಕುವ ಜಾಗ ಅಲ್ಲ. ಸರಿ, ಆ ಜಗಳ ಬಿಡು. ತಲೆ ಏನು ಮಾಡಬೇಕು ಅಂತ ಪೌಲ ಹೇಳುತ್ತಾನೆ ನೋಡು. ಪ್ರಾಣ ಕೊಡಬೇಕು ಅನ್ನುತ್ತಾನೆ, 25ರಲ್ಲಿ. ಗಂಡಂದಿರೇ, ಹೆಂಡತಿಯರನ್ನು ಆಳಿರಿ ಅಂತ ಅವನು ಎಲ್ಲೂ ಬರೆದಿಲ್ಲ. "ಅವನು ನಿನ್ನನ್ನು ಆಳುವನು" ಅನ್ನುವ ಮಾತು ಬರುವುದು ಆದಿಕಾಂಡ 3:16ರಲ್ಲಿ, ಪಾಪ ಆದ ಮೇಲೆ, ಮುಳ್ಳುಗಿಡ ಮತ್ತು ಬೆವರಿನ ಜೊತೆಗೆ. ಮುಳ್ಳು ಕೀಳಲಿಕ್ಕೆ ನಾವು ಕತ್ತಿ ಹಿಡಿಯುತ್ತೇವೆ, ಇದನ್ನು ಮಾತ್ರ ನೀರು ಹಾಕಿ ಬೆಳೆಸುತ್ತೇವೆ.

ನಿನ್ನ ಪುಣೆ ಪ್ರಶ್ನೆಗೆ ಹತ್ತಿರದ ವಚನ ಎಫೆಸದಲ್ಲಿ ಇಲ್ಲವೇ ಇಲ್ಲ, 1 ಕೊರಿಂಥ 7ರಲ್ಲಿದೆ. ಗಂಡ ಹೆಂಡತಿ ಸ್ವಲ್ಪ ಕಾಲ ಬೇರೆ ಇರುವ ವಿಷಯ. ಅಲ್ಲಿ ಪೌಲ ತಲೆಯನ್ನು ಕೇಳಿ ಅನ್ನುವುದಿಲ್ಲ. ಇಬ್ಬರ ಸಮ್ಮತಿ ಇರಬೇಕು ಅನ್ನುತ್ತಾನೆ. ಅದರ ಹಿಂದಿನ ವಚನದಲ್ಲಿ, ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅಂದವನು ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರ ಅಂದಿದ್ದಾನೆ. ಮೊದಲನೇ ಶತಮಾನದಲ್ಲಿ ಇದನ್ನು ಕೇಳಿದ ಕೊರಿಂಥದ ಗಂಡಸರ ಮುಖ ನೋಡಬೇಕಿತ್ತು.

ಅಪೊಸ್ತಲರ ಕೃತ್ಯ 5 ಸಹ ಓದು. ಸಪ್ಫೈರ ಗಂಡನ ಮಾತಿಗೆ ಹೂಂ ಅಂದಳು, ಹೊಲ ಮಾರಿದ ದುಡ್ಡಿನ ಸುಳ್ಳಿಗೆ ಸೇರಿಕೊಂಡಳು. ಪೇತ್ರ ಅವಳನ್ನು ಬೇರೆಯಾಗಿ ಕೇಳಿದ. ಗಂಡ ತಲೆ, ಲೆಕ್ಕ ಅವನದು ಅಂತ ಅವಳನ್ನು ಬಿಡಲಿಲ್ಲ. ಪಿಂಪ್ರಿ ತಮ್ಮನಿಗೆ ಇದು.

ಪಿಂಪ್ರಿ ಬ್ರದರ್

ಟೀಚರ್, ಸಪ್ಫೈರಳ ವಿಷಯ ನಾನು ಆ ಕಡೆಯಿಂದ ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ನೀವು ಮದುವೆಯ ಬಗ್ಗೆ ಮಾತ್ರ ಹೇಳಿದಿರಿ. 1 ತಿಮೊಥೆಯ 2:12 ಸುಮ್ನೆ ಹಾರಿಬಿಟ್ಟಿರಿ. ಉಪದೇಶ ಮಾಡುವುದಕ್ಕೆ ಅಪ್ಪಣೆ ಕೊಡುವುದಿಲ್ಲ ಅಂತ ಅಷ್ಟು ನೇರವಾಗಿ ಇದೆಯಲ್ಲ.

ಹಳೇ ಟೀಚರ್, ಪುಣೆ

ಹಾರಲಿಲ್ಲಪ್ಪ, ಕುಕ್ಕರ್ ಕೂಗಿತು, ಎದ್ದು ಹೋದೆ.

ಆ ಪತ್ರ ಬರೆದಾಗ ತಿಮೊಥೆಯ ಎಲ್ಲಿದ್ದ? ಎಫೆಸದಲ್ಲಿ, 1:3 ನೋಡು. ಅದೇ ಎಫೆಸದಲ್ಲಿ ಅಪೊಲ್ಲೋಸ ಅನ್ನುವ ದೊಡ್ಡ ಮಾತುಗಾರನಿಗೆ ತಪ್ಪು ತಿದ್ದಿ ದೇವರ ಮಾರ್ಗವನ್ನು ಸರಿಯಾಗಿ ಕಲಿಸಿದವರು ಯಾರು? ಪ್ರಿಸ್ಕಿಲ್ಲ ಮತ್ತು ಅಕ್ವಿಲ, ಕೃತ್ಯ 18:26. ಹೆಂಡತಿ, ಗಂಡ. ಪೌಲ ಅವರನ್ನು ಬೈದನಾ? ರೋಮಾಪುರದವರಿಗೆ ಬರೆಯುವಾಗ ಅವಳ ಹೆಸರನ್ನೇ ಮೊದಲು ಬರೆದು ನನ್ನ ಜೊತೆಕೆಲಸದವರು ಅಂದ. ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಅವರಿಬ್ಬರಿಗೂ ವಂದನೆ ತಿಳಿಸು ಅಂದಿದ್ದಾನೆ. ಆ ತಿಮೊಥೆಯನಿಗೆ ನಂಬಿಕೆ ಬಂದಿದ್ದೇ ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯಿಂದ.

2:12ರಲ್ಲಿ ಅಧಿಕಾರ ನಡೆಸುವುದು ಅಂತ ನಾವು ಓದುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಬರುವುದಿಲ್ಲ. ಪೌಲ ಮಾಮೂಲಿಯಾಗಿ ಬಳಸುವ ಪದ ಅದಲ್ಲ. ಮೇಲೆ ಬಿದ್ದು ದಬಾಯಿಸುವುದು ಅನ್ನುವ ಅರ್ಥವನ್ನು ಹಲವರು ಹೇಳುತ್ತಾರೆ, ಎಲ್ಲರೂ ಅಲ್ಲ. ಆ ಪತ್ರ ತುಂಬ ಸುಳ್ಳು ಬೋಧನೆಯ ಚಿಂತೆಯೇ ಇದೆ. ಕಲಿಯದವರು ಮೈಕ್ ಹಿಡಿಯಬೇಡಿ, ಮೊದಲು ಕಲಿಯಲಿ ಅನ್ನುವುದು 11ನೇ ವಚನ. ಹೆಂಗಸು ಕಲಿಯಲಿ ಅಂದದ್ದೇ ಆ ಕಾಲಕ್ಕೆ ದೊಡ್ಡದು. ಆದಾಮ ಮೊದಲು ಅನ್ನುವ ವಾದಕ್ಕೆ ಪೌಲನೇ 1 ಕೊರಿಂಥ 11ರಲ್ಲಿ ಬ್ರೇಕ್ ಹಾಕಿದ್ದಾನೆ. ಹೆಣ್ಣು ಗಂಡಿನಿಂದ ಬಂದ ಹಾಗೆ ಗಂಡು ಹೆಣ್ಣಿನಿಂದ ಹುಟ್ಟುತ್ತಾನೆ, ಎಲ್ಲವೂ ದೇವರಿಂದಲೇ ಅಂತ. ಮನೆ ನಡೆಸುವವನು ಅಂದೆಯಲ್ಲ, 5:14ರಲ್ಲಿ ಎಳೆಯ ವಿಧವೆಯರು ಮದುವೆಯಾಗಿ ಮನೆ ನಡೆಸಲಿ ಅಂತ ಇದೆ. ಅಲ್ಲಿ ಗ್ರೀಕ್‌ನಲ್ಲಿರುವುದು ಮನೆಯ ಯಜಮಾನ ಅನ್ನುವ ಪದದಿಂದಲೇ ಮಾಡಿದ ಕ್ರಿಯಾಪದ.

ಹನ್ನೆರಡು ಮಂದಿ ಗಂಡಸರು, ನಿಜ. ಹನ್ನೆರಡೂ ಮಂದಿ ಯೆಹೂದ್ಯರೂ ಹೌದು. ಹಾಗಂತ ನಿನ್ನನ್ನು ಸಭಾಹಿರಿಯನಾಗಿ ಮಾಡಬಾರದು ಅನ್ನುತ್ತೀಯಾ? ರೋಮಾಪುರ 16ರಲ್ಲಿ ಯೂನ್ಯ ಅಂತ ಒಂದು ಹೆಸರು ಇದೆ, ಅಪೊಸ್ತಲರಲ್ಲಿ ಪ್ರಸಿದ್ಧರು ಅಂತ. 4ನೇ ಶತಮಾನದ ದೊಡ್ಡ ಪ್ರಸಂಗಿ ಕ್ರಿಸೋಸ್ತಮ ಅವಳು ಹೆಂಗಸು ಅಂತಲೇ ಓದಿ, ಎಂಥಾ ದೊಡ್ಡ ಗೌರವ ಅಂತ ಬೆರಗಾಗಿದ್ದ. ಮುಂದೆ ಬಂದವರು ಅವಳಿಗೆ ಮೀಸೆ ಬರೆದು ಗಂಡಸಿನ ಹೆಸರು ಮಾಡಿದರು. ಈಗ ಗ್ರೀಕ್ ಪಠ್ಯದಲ್ಲಿ ವಾಪಸ್ ಹೆಂಗಸು.

ನಮ್ಮ ಊರಿನ ಮಾತೂ ಹೇಳಿಬಿಡುತ್ತೇನೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರಪ್ಪ ಹೆಂಡತಿಗೆ ಸಂಸ್ಕೃತ ಕಲಿಸಿ ಪಂಡಿತರ ಸಿಟ್ಟಿಗೆ ಗುರಿಯಾದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಆಮೇಲೆ ಅಲ್ಲಿನ ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಬಂದರೆ, ಇಂಡಿಯಾದ ಬಿಷಪ್‌ಗಳು ಬೇಡ ಅಂದರು. ರಮಾಬಾಯಿ ಅಲ್ಲಿನ ಕಾಲೇಜಿನ ಪ್ರಿನ್ಸಿಪಾಲ್ ಮಿಸ್ ಬೀಲ್‌ಗೆ ಕಾಗದ ಬರೆದರು. ನಮ್ಮಪ್ಪ, ನನ್ನ ಗಂಡ, ಯಾರೂ ಅಡ್ಡಿ ಮಾಡದ ಕೆಲಸಕ್ಕೆ ಕೆಲವು ಇಂಗ್ಲಿಷರು ಅಡ್ಡಿ ಮಾಡುತ್ತಾರಲ್ಲ, ಆಶ್ಚರ್ಯ ಅನ್ನುವ ಅರ್ಥದಲ್ಲಿ. ಅದೇ ಹೆಂಗಸು ಮುಂದೆ ಪುಣೆ ಹತ್ತಿರ ಕೇಡ್‌ಗಾವ್‌ನಲ್ಲಿ ಮುಕ್ತಿ ಮಿಶನ್ ಕಟ್ಟಿ, ಹೀಬ್ರೂ ಗ್ರೀಕ್ ಕಲಿತು, ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದ್ದೂ ಅಲ್ಲಿನ ಹೆಣ್ಣುಮಕ್ಕಳೇ. ಆ ಸತ್ಯವೇದ ಓದಿದ ಗಂಡಸರು ಹೆಂಗಸಿನಿಂದ ಉಪದೇಶ ಪಡೆದ ಹಾಗಾಯಿತಾ ಇಲ್ಲವಾ?

ಸಿಎಸ್‌ಐನಲ್ಲಿ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ, 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತಾ ಬಿಷಪ್ ಆದರು. ಆ ದಿನ ನಾನು ಒಬ್ಬಳೇ ಕೂತು ಕೇಕ್ ತಿಂದೆ.

ಕಲ್ಯಾಣ್ ಕೋರ್ಟ್ ಕ್ಲಾರ್ಕ್

ವಕೀಲರ ಆಫೀಸಿನಲ್ಲಿ ಕೆಲಸ ಮಾಡುವುದರಿಂದ ಒಂದೇ ಮಾತು. "ಅಧೀನಳಾಗಿರು" ಅನ್ನುವ ಮಾತನ್ನು ಹೊಡೆತ ತಿಂದು ಬಂದ ಹೆಂಗಸಿಗೆ ಹೇಳಿ ವಾಪಸ್ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಅಕ್ಕನ ಮನೆಯಲ್ಲಿ ಹಾಗಿಲ್ಲ, ಗೊತ್ತು. ಆದರೆ ಓದುವವರಲ್ಲಿ ಯಾರಾದರೂ ಇದ್ದರೆ, 2005ರ ಕೌಟುಂಬಿಕ ಹಿಂಸೆ ಕಾನೂನು ಎಲ್ಲ ಧರ್ಮದವರಿಗೂ ಇದೆ. ಕ್ರೈಸ್ತರ 1869ರ ವಿಚ್ಛೇದನ ಕಾನೂನಿನಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು, ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯ ಅಥವಾ ಬಿಟ್ಟುಹೋದದ್ದನ್ನೂ ತೋರಿಸಬೇಕಿತ್ತು. 1997ರಲ್ಲಿ ನಮ್ಮ ಬಾಂಬೆ ಹೈಕೋರ್ಟ್ ಆ ತಾರತಮ್ಯ ಹೊಡೆದುಹಾಕಿತು, 2001ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತಿದ್ದಿತು. ಆ ಹಳೇ ಕಾನೂನು ಬರೆದವರೂ ಭಾನುವಾರ ಚರ್ಚಿಗೆ ಹೋಗುತ್ತಿದ್ದವರೇ.

ವಾಶಿ ಬೀದರಿ

ನಿದ್ದೆ ಮಾಡುವ ಆ ಇಬ್ಬರ ಬಗ್ಗೆ ಪಾಸ್ಟರ್ ಏನಾದರೂ ವಚನ ತೋರಿಸಿದರಾ? ಬೈಬಲಿನ ಯೂತಿಖ ಅನ್ನುವ ಹುಡುಗ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಬಿದ್ದದ್ದು ಪೌಲನ ಪ್ರಸಂಗಕ್ಕೆ, ಹೆಂಗಸಿನ ಪ್ರಸಂಗಕ್ಕಲ್ಲ.

ಡೊಂಬಿವಲಿ ಉಡುಪಿಯವಳು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪಾಸ್ಟರ್ ಮನೆಗೆ ಇಬ್ಬರೂ ಹೋಗಿದ್ದೆವು. ನಾನು ಪ್ರಿಸ್ಕಿಲ್ಲಳ ವಿಷಯ ತೆಗೆದೆ. ಅವರು, ಅದು ಮನೆಯಲ್ಲಿ ಖಾಸಗಿಯಾಗಿ ಹೇಳಿಕೊಟ್ಟದ್ದು, ಸಭೆಯಲ್ಲಿ ಅಲ್ಲ ಅಂದರು. ಅದಕ್ಕೆ ಇವರು ಮೆಲ್ಲಗೆ, "ಬುಧವಾರದ್ದನ್ನೂ ನಮ್ಮ ಮನೆಯಲ್ಲೇ ಇಟ್ಟುಕೊಂಡರೆ ಆಗುತ್ತದಾ ಹಾಗಾದರೆ?" ಅಂದರು. ಪಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಮಿತಿಯಲ್ಲಿ ಕೇಳೋಣ ಅಂದರು. ಅಂದರೆ ಆಗುವುದಿಲ್ಲ ಅಂತಲೇ ಲೆಕ್ಕ. ಪಾಸ್ಟರಮ್ಮ ಒಳಗಿನಿಂದ ಚಹಾ ತಂದರು, ಏನೂ ಹೇಳಲಿಲ್ಲ, ಆದರೆ ನನ್ನ ಲೋಟದ ಪಕ್ಕ ಎರಡು ಬಿಸ್ಕಿಟ್ ಜಾಸ್ತಿ ಇಟ್ಟರು.

ಪುಣೆಗೆ ಹೂಂ ಅಂದಿದ್ದೇನೆ. ರಾತ್ರಿ ಇಬ್ಬರೂ ಕೂತು ಖರ್ಚು ಬರೆದೆವು. ಆರು ತಿಂಗಳು ನಾನು ಅಲ್ಲಿ ಪೇಯಿಂಗ್ ಗೆಸ್ಟ್, ಶನಿವಾರ ಮನೆಗೆ. ಅಷ್ಟರಲ್ಲಿ ಇವರೂ ಆ ಕಡೆ ಕೆಲಸ ನೋಡುತ್ತಾರಂತೆ. ಅತ್ತೆಗೆ ಸ್ವಲ್ಪ ಬೇಜಾರಿದೆ, ಅದು ಇದ್ದದ್ದೇ.

ಟೀಚರ್, ಕೇಡ್‌ಗಾವ್‌ಗೆ ಪುಣೆಯಿಂದ ಯಾವ ಗಾಡಿ?

ಹಳೇ ಟೀಚರ್, ಪುಣೆ

ದೌಂಡ್ ಕಡೆಗೆ ಹೋಗುವ ಪ್ಯಾಸೆಂಜರ್ ಹತ್ತು. ಎಕ್ಸ್‌ಪ್ರೆಸ್ ಎಲ್ಲವೂ ಅಲ್ಲಿ ನಿಲ್ಲುವುದಿಲ್ಲ, ಕೇಳಿ ಹತ್ತು. ನಿನ್ನ ಮನೆಯವರನ್ನೂ ಕರೆದುಕೊಂಡು ಬಾ, ಊಟ ನನ್ನ ಮನೆಯಲ್ಲಿ. ಪಿಂಪ್ರಿ ತಮ್ಮ, ನೀನೂ ಬಾ, ಆ ತಪ್ಪಾದ ಗಾಡಿ ಇನ್ನೂ ಓಡುತ್ತಿದ್ದರೆ.